ಅಮ್ಮ ಎತ್ತಿಕೊಂಡ ಕಪ್ಪು ಕಲ್ಲು

ಐಸ್‌ಲ್ಯಾಂಡಿನಲ್ಲಿ ಎಂಟು ದಿನ ಇದ್ದೆವು. ಜಲಪಾತ, ಬಿಸಿನೀರಿನ ಬುಗ್ಗೆ ಎಲ್ಲ ನೋಡಿದೆವು. ಮನಸ್ಸಲ್ಲಿ ಕೂತಿದ್ದು ಮಾತ್ರ ಲಾಂಡ್‌ಮನ್ನಲೋಯ್ಗರ್‌ನ ಆ ಒಂದು ಮಧ್ಯಾಹ್ನ.

ಅದು ಒಳನಾಡಿನ ಎತ್ತರದ ಜಾಗ. ಊರಿಲ್ಲ, ಮನೆಯಿಲ್ಲ, ದಾರಿ ತೆರೆಯುವುದೇ ಬೇಸಿಗೆಯಲ್ಲಿ. ‘ಎಫ್’ ನಂಬರಿನ ರಸ್ತೆಗಳಿಗೆ ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು. ನಮಗೆ ಸಣ್ಣ ಕಾರು ಬಾಡಿಗೆಗೆ ಕೊಟ್ಟವರು ಎಲ್ಲಿಗೆ ಬೇಕಾದರೂ ಹೋಗಬಹುದು ಅಂದಿದ್ದರು, ಸಹಿ ಹಾಕಿದ ಕಾಗದದಲ್ಲಿ ನೋಡಿದರೆ ಆ ರಸ್ತೆಗೆ ಇಳಿಯುವ ಹಾಗೇ ಇಲ್ಲ! ಆ ದಿನದ ಬಾಡಿಗೆ ಹೋಯಿತು. ಕಾಗದ ಪೂರ್ತಿ ಓದಿ, ಇಲ್ಲವಾದರೆ ನಮ್ಮ ಹಾಗೆ ರಾಜಧಾನಿ ರೇಕ್ಯವಿಕ್‌ನಿಂದ ಬಸ್ಸು ಹಿಡಿಯಿರಿ.

ಹಳದಿ, ಕೆಂಪು, ಹಸಿರು ಗುಡ್ಡಗಳ ಬುಡದಲ್ಲಿ ಕಪ್ಪು ಲಾವಾ ಹರಡಿಕೊಂಡಿದೆ. 1477ರ ಸುಮಾರಿಗೆ ಉಕ್ಕಿದ್ದಂತೆ. ನಮ್ಮಲ್ಲಿ ವಿಜಯನಗರದ ಕಾಲ. ಕಲ್ಲಿನ ಲೆಕ್ಕದಲ್ಲಿ ನಿನ್ನೆ ಮೊನ್ನೆ ಅಲ್ವಾ? ನಾನು ಚಿಕ್ಕಂದಿನಲ್ಲಿ ಹತ್ತಿ ಆಡಿದ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳೂ ಇದೇ ಥರದ, ಸಿಲಿಕಾ (ಮರಳು, ಗಾಜಿನಲ್ಲಿ ಇರುವಂಥದ್ದೇ) ಜಾಸ್ತಿ ಇರುವ ಲಾವಾದಿಂದ ಆದವು. ಅವಕ್ಕೆ ಸುಮಾರು 9 ಕೋಟಿ ವರ್ಷ. ಅಲ್ಲಿ ಲಾವಾ ನಿಧಾನವಾಗಿ ತಣಿದು ಕಂಬಕಂಬವಾಗಿ ಸೀಳಿತು. ಇಲ್ಲಿ ಬೇಗ ಆರಿ, ಹರಳು ಕಟ್ಟುವಷ್ಟು ಪುರುಸೊತ್ತು ಸಿಗದೆ, ಎಷ್ಟೋ ಕಡೆ ಗಾಜೇ ಆಗಿದೆ. ಅದೇ ಅಬ್ಸಿಡಿಯನ್. ಒಂದು ಚೂರನ್ನು ಬಿಸಿಲಿಗೆ ಹಿಡಿದೆ. ನಡುವೆ ಕಡುಕಪ್ಪು, ತೆಳ್ಳನೆ ಅಂಚು ಮಾತ್ರ ಕಾಫಿ ಡಿಕಾಕ್ಷನ್ ಬಣ್ಣ. ಬೆರಳು ತಾಗಿಸಿದರೆ ಕುಯ್ಯುವಷ್ಟು ಚೂಪು.

“ಸಾಲಿಗ್ರಾಮದ ಹಾಗೇ ಉಂಟಲ್ಲ ಮಾರಾಯ್ತಿ, ದೇವರ ಕೋಣೆಗೆ ಒಂದು ಇರಲಿ” ಅಂತ ಅಮ್ಮ ಒಂದನ್ನು ಸೆರಗಲ್ಲಿ ಸುತ್ತಿಕೊಂಡರು.

ಅಲ್ಲಿನ ಕಾವಲಿನ ಹೆಂಗಸು ನೋಡಿದರು. ಬೈಯಲಿಲ್ಲ, ಪಕ್ಕದಲ್ಲೇ ಕೂತರು. ಇದನ್ನು ನಮ್ಮ ಭಾಷೆಯಲ್ಲಿ ಕಾಡುಕಾಗೆಯ ಚಕಮಕಿ ಕಲ್ಲು ಅನ್ನುತ್ತೇವೆ, ರೇಕ್ಯವಿಕ್‌ನ ರಾಷ್ಟ್ರೀಯ ರಂಗಮಂದಿರದ ಹೊರಗೋಡೆಗೂ ಇದರ ಚೂರು ಮೆತ್ತಿದ್ದಾರೆ, ಈಗ ಒಯ್ಯುವ ಹಾಗಿಲ್ಲ ಅಂದರು. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

“ಅಷ್ಟು ದೊಡ್ಡ ಗೋಡೆಗೆ ಆಯಿತಲ್ಲ, ನನಗೆ ಒಂದು ಚೂರು ಆಗದಾ ಕೇಳು.”

ಕೇಳಿದೆ. ಅವರು ಬಸ್ಸಿಂದ ಇಳಿಯುತ್ತಿದ್ದವರ ಕಡೆ ಕೈ ತೋರಿಸಿ, “ಅವರಿಗೂ ಒಂದೊಂದು ಬೇಕಲ್ಲ” ಅಂದರು.

ಅಮ್ಮ ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದರು. ಆಮೇಲೆ ಎದ್ದು ಬಂದ ದಾರಿಯಲ್ಲೇ ವಾಪಸ್ ನಡೆದರು. ಎಲ್ಲಾದರೂ ಇಡಮ್ಮ ಅಂದರೂ ಕೇಳಲಿಲ್ಲ. ಕಲ್ಲು ಎದ್ದಿದ್ದ ಗುಳಿ ಹುಡುಕಿ, ಮಗ್ಗುಲು ತಿರುಗಿಸಿ, ಸರಿಯಾಗಿ ಕೂರಿಸಿ ಬಂದರು.