ಫ್ರಾನ್ಸಿನಲ್ಲಿ ಅಪ್ಪ ಆಗುವುದೂ ಕಾಗದದ ಕೆಲಸ

ಫ್ರಾನ್ಸಿನಲ್ಲಿ ಮಗು ಹುಟ್ಟಿದರೆ 5 ದಿನದೊಳಗೆ ಆ ಊರಿನ ಪುರಸಭೆ ಕಚೇರಿಯಲ್ಲಿ ಬರೆಸಬೇಕು. ಹುಟ್ಟಿದ ದಿನ ಲೆಕ್ಕಕ್ಕಿಲ್ಲ. ಗಡುವು ತಪ್ಪಿತೋ, ಕೋರ್ಟಿನ ತೀರ್ಪು ಬೇಕು.

ತಾಯಿಗೆ ತಲೆನೋವಿಲ್ಲ, ಜನನ ದಾಖಲೆಯಲ್ಲಿ ಹೆಸರು ಬಂದರೆ ಸಾಕು. ಮದುವೆಯಾಗಿದ್ದರೆ ಗಂಡನೇ ಅಪ್ಪ ಎಂದು ಕಾನೂನೇ ಅಂದುಕೊಳ್ಳುತ್ತದೆ. ಮದುವೆಯಾಗದವರ ಕಥೆ ಬೇರೆ: ಎಷ್ಟೇ ವರ್ಷ ಒಂದೇ ಮನೆಯಲ್ಲಿದ್ದರೂ ಅಪ್ಪನೇ ಹೋಗಿ ಅಧಿಕಾರಿಯ ಮುಂದೆ ‘ಈ ಮಗು ನನ್ನದು’ ಎಂದು ಹೇಳಿ ಸಹಿ ಹಾಕಬೇಕು. ಹೆರಿಗೆಗೆ ಮೊದಲೇ ಇದನ್ನು ಮುಗಿಸಬಹುದು, ನನ್ನ ಕೇಳಿದರೆ ಅದೇ ಜಾಣತನ. ಯಾಕೆಂದರೆ ಮಗುವಿಗೆ ವರ್ಷ ತುಂಬಿದ ಮೇಲೆ ಒಪ್ಪಿಕೊಂಡರೆ ಅಪ್ಪ ಅನ್ನಿಸಿಕೊಳ್ಳುತ್ತಾನೆ, ಆದರೆ ಪೋಷಕರ ಅಧಿಕಾರ, ಅಂದರೆ ಮಗುವಿನ ವಿಷಯದಲ್ಲಿ ತೀರ್ಮಾನ ತೆಗೆದುಕೊಳ್ಳುವ ಹಕ್ಕು, ತಾಯಿಯೊಬ್ಬಳ ಕೈಯಲ್ಲೇ ಉಳಿಯುತ್ತದೆ. ಸೋಮಾರಿತನಕ್ಕೆ ಜಾಸ್ತಿಯೇ ದಂಡ, ಅಲ್ವಾ? ಆಮೇಲೆ ಅಪ್ಪನಿಗೂ ಆ ಅಧಿಕಾರ ಬೇಕೆಂದರೆ ಇಬ್ಬರೂ ಸೇರಿ ಹೇಳಿಕೆ ಕೊಡಬೇಕು, ಇಲ್ಲವೇ ಜಡ್ಜ್ ತೀರ್ಮಾನಿಸಬೇಕು.