ವಿಂಡೋ ಮುಚ್ಚುವ ರಾತ್ರಿ ಬಂದ ಹೊಸ ಡ್ರಾಫ್ಟ್

ಫುಟ್‌ಬಾಲ್ ಏಜೆನ್ಸಿಯೊಂದರಲ್ಲಿ ಆಟಗಾರರ ಕಾಂಟ್ರ್ಯಾಕ್ಟ್ ಓದುವುದು ನನ್ನ ಕೆಲಸ. ಟ್ರಾನ್ಸ್‌ಫರ್ ವಿಂಡೋ (ಆಟಗಾರರು ಕ್ಲಬ್ ಬದಲಿಸಲು ಇರುವ ಅವಧಿ) ಮುಚ್ಚುವ ರಾತ್ರಿ ಮುಗಿದ ಒಂದು ಡೀಲ್ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಟಗಾರರು ಮೂವತ್ತು ದಾಟಿದ ಮಿಡ್‌ಫೀಲ್ಡರ್. ಸಂಬಳದ ಮಾತು ಮೊದಲೇ ಮುಗಿದಿತ್ತು. ಮೆಡಿಕಲ್‌ನಲ್ಲಿ ಮಂಡಿಯ ಹಳೇ ಗಾಯ ಕಂಡಿತು. ಸಂಜೆ ಹೊಸ ಡ್ರಾಫ್ಟ್ ಬಂತು. ಒಟ್ಟು ಮೊತ್ತ ಅದೇ. ಆದರೆ ಫಿಕ್ಸೆಡ್ ಸಂಬಳದ ಮೂರನೇ ಒಂದು ಭಾಗ ತೆಗೆದು ಅಪಿಯರೆನ್ಸ್ ಬೋನಸ್‌ಗೆ, ಅಂದರೆ ಪಂದ್ಯ ಆಡಿದರೆ ಮಾತ್ರ ಸಿಗುವ ಹಣಕ್ಕೆ, ಹಾಕಿದ್ದರು. ಅದೂ ಸ್ಟಾರ್ಟಿಂಗ್ ಇಲೆವೆನ್‌ನಲ್ಲಿ, ಅಂದರೆ ಪಂದ್ಯ ಶುರು ಮಾಡುವ ಹನ್ನೊಂದು ಜನರಲ್ಲಿ, ಇದ್ದರೆ ಮಾತ್ರ.

ಮೆಡಿಕಲ್ ಪಾಸಾದರೆ ಮಾತ್ರ ಒಪ್ಪಂದ ಜಾರಿ ಅಂತ ಬರೆಯಲು ಫಿಫಾ ನಿಯಮ ಬಿಡುವುದಿಲ್ಲ. ಹಾಗಾಗಿ ಸಹಿಗೆ ಮೊದಲೇ ಪರೀಕ್ಷೆ ಮುಗಿಸುತ್ತಾರೆ. ಭಯ ಇದ್ದರೆ ಅದರ ಭಾರವನ್ನು ಹೀಗೆ ಬೋನಸ್ ಹೆಸರಲ್ಲಿ ಆಟಗಾರನ ತಲೆಗೆ ಕಟ್ಟುತ್ತಾರೆ.

ಟ್ರಾನ್ಸ್‌ಫರ್ ದಾಖಲಿಸುವ ಫಿಫಾದ ಆನ್‌ಲೈನ್ ವ್ಯವಸ್ಥೆ ಟಿಎಂಎಸ್‌ಗೆ ಪೇಪರ್ ಹಾಕಲು ಒಂದು ಗಂಟೆಯೂ ಉಳಿದಿರಲಿಲ್ಲ. "ಟೋಟಲ್ ಅದೇ ಇದೆಯಲ್ಲ, ಕಳಿಸಿಬಿಡಿ" ಅಂದರು ನಮ್ಮ ಮ್ಯಾನೇಜರ್. ನಾನು ಕಳಿಸಲಿಲ್ಲ. ಕ್ಲಬ್ಬಿನ ವಕೀಲರಿಗೆ ಫೋನ್ ಮಾಡಿದೆ. ಬೆಂಚಿನಿಂದ ಬದಲಿಯಾಗಿ ಇಳಿದರೂ ಬೋನಸ್ ಕೊಡಿ, ಆಡುವಾಗ ಗಾಯವಾದರೆ ಅರ್ಧವಾದರೂ ಕೊಡಿ ಅಂದೆ. ವಿಚಾರಿಸಿ ಹೇಳ್ತೀನಿ ಅಂತ ಇಟ್ಟರು. ಅತ್ತ ಆಟಗಾರರು ಕ್ಲಬ್ ಆಫೀಸಿನಲ್ಲೇ ಕೂತಿದ್ದರು. "ಸಹಿ ಹಾಕಲಾ, ಬೇಡ್ವಾ?" ಅಂತ ಮೆಸೇಜ್ ಮೇಲೆ ಮೆಸೇಜ್. ನಾನು "ಸ್ವಲ್ಪ ತಡೀರಿ" ಅನ್ನುತ್ತಲೇ ಇದ್ದೆ. ಫೋನ್ ಹೊಡೆದುಕೊಳ್ಳುವಷ್ಟರಲ್ಲಿ ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆಯೇ ಬಂದು ನಿಂತಿದ್ದರು.

ಕ್ಲಬ್ಬಿನ ವಕೀಲರು ಬೆಂಚಿನ ಮಾತಿಗೆ ಒಪ್ಪಿದರು. ಗಾಯದ ಷರತ್ತಿಗೆ ಖಡಾಖಂಡಿತವಾಗಿ ಇಲ್ಲ ಅಂದರು. ಬೇಡ ಅಂದಿದ್ದರೆ ಆಟಗಾರರು ಮುಂದಿನ ವಿಂಡೋವರೆಗೆ ಹಳೇ ಕ್ಲಬ್‌ನಲ್ಲಿ ಸುಮ್ನೆ ಕೂರಬೇಕಿತ್ತು. ಸಹಿ ಹಾಕಿದರು.

ಅರ್ಧ ಸೀಸನ್ ಕಳೆಯುವ ಮೊದಲೇ ಅದೇ ಮಂಡಿ ಹೋಯಿತು. ಫಿಕ್ಸೆಡ್ ಸಂಬಳ ತಪ್ಪದೆ ಬಂತು, ಬೋನಸ್ ನಿಂತಿತು. ಮನೆ ಸಾಲದ ಕಂತನ್ನು ಅವರು ಟೋಟಲ್ ನಂಬಿ ಲೆಕ್ಕ ಹಾಕಿದ್ದರು.

ಹೊರಗಿನವರಿಗೆ ಕಾಣುವುದು ಟ್ರಾನ್ಸ್‌ಫರ್ ಫೀ. 2017ರಲ್ಲಿ ನೇಮಾರ್ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ಬಿಗೆ ಹೋದಾಗ 22.2 ಕೋಟಿ ಯೂರೋ ಸುದ್ದಿಯಾಯಿತು. ಆ ಹಣ ಸೇರಿದ್ದು ಬಾರ್ಸಿಲೋನಾ ಕ್ಲಬ್ಬನ್ನು. ಹೆಚ್ಚಿನ ಆಟಗಾರರ ಬದುಕು ಬೇರೆಯೇ. ಆಟಗಾರರ ಒಕ್ಕೂಟ ಫಿಫ್‌ಪ್ರೊ 2016ರಲ್ಲಿ ಸುಮಾರು 14,000 ವೃತ್ತಿಪರರನ್ನು ಕೇಳಿದಾಗ ಶೇ. 45ಕ್ಕೂ ಜಾಸ್ತಿ ಜನರ ತಿಂಗಳ ಸಂಬಳ 1,000 ಡಾಲರ್‌ಗಿಂತ ಕಡಿಮೆ ಇತ್ತು. ಶೇ. 41 ಜನ ಸಂಬಳ ತಡವಾಗಿ ಬಂದದ್ದನ್ನು ಕಂಡಿದ್ದರು. ಎರಡು ತಿಂಗಳು ಸಂಬಳ ಬಾಕಿಯಾದರೆ, 15 ದಿನದ ನೋಟಿಸ್ ಕೊಟ್ಟು ಆಟಗಾರ ಒಪ್ಪಂದ ಮುರಿಯಬಹುದು ಅಂತ ಫಿಫಾ 2018ರಲ್ಲಿ ನಿಯಮ ತಂದಿತು. ಆದರೆ ಆ ನಿಯಮ ಕಾಯುವುದು ಬಾಕಿ ಸಂಬಳವನ್ನು. ಆಡದೆ ಹೋದ ಪಂದ್ಯದ ಬೋನಸ್ ಬಾಕಿಯೇ ಅಲ್ಲ, ಅಲ್ವಾ?

ಮೂವತ್ತೈದರ ಆಸುಪಾಸಿನಲ್ಲಿ ಮುಗಿಯುವ ಕೆಲಸ ಇದು. ಸಾಲ ಮಾಡುವುದಿದ್ದರೆ ಫಿಕ್ಸೆಡ್ ಮಾತ್ರ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನಮ್ಮ ಆಫೀಸಿನ ಶೀಟಿನಲ್ಲಿ ಇವತ್ತಿಗೂ ‘ಪ್ಯಾಕೇಜ್’ ಅಂತ ಒಂದೇ ಕಾಲಂ ಇದೆ. ಬೇರೆ ಮಾಡಿ ಅಂದರೆ, ಮೊತ್ತ ಚಿಕ್ಕದಾಗಿ ಕಂಡರೆ ಆಟಗಾರರು ಬೇರೆ ಏಜೆನ್ಸಿಗೆ ಹೋಗ್ತಾರೆ ಅನ್ನುತ್ತಾರೆ. ನಾನು ಕಳಿಸುವ ಡ್ರಾಫ್ಟ್‌ಗಳಲ್ಲಂತೂ, ಇಡೀ ಸೀಸನ್ ಗಾಯದಲ್ಲಿ ಕಳೆದರೆ ಎಷ್ಟು ಸಿಗುತ್ತದೆ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯುತ್ತೇನೆ.