ಬ್ಯಾಂಕಿನವರು ಆಗುತ್ತದೆ ಎಂದರು, ನಾವು ಈಗ ಬೇಡ ಎಂದೆವು

ಕಳೆದ ಫೆಬ್ರವರಿಯಲ್ಲಿ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ ಎಂಟು ಸೆಂಟ್ಸ್ ಜಾಗದಲ್ಲಿ ಒಂದು ಮನೆ ನೋಡಿದೆವು. ಮುಂದೆ ಕೆಂಪುಕಲ್ಲಿನ ಪಾಗಾರ, ಹಿಂದೆ ಎರಡು ತೆಂಗಿನಮರ. ಹೇಳಿದ ರೇಟು 40 ಲಕ್ಷ. ನಮ್ಮಿಬ್ಬರ ಸಂಬಳ ನೋಡಿ ಬ್ಯಾಂಕಿನವರು 32 ಲಕ್ಷ ಸಾಲ ಸಿಗುತ್ತದೆ ಎಂದರು. ನನಗಂತೂ ಆ ಮನೆ ತುಂಬ ಇಷ್ಟವಾಗಿತ್ತು.

ಉಳಿದ 8 ಲಕ್ಷ ಹೊಂದಿಸಿದರೆ ಸಾಕು ಅಂದುಕೊಂಡಿದ್ದೆವು. ಸಾಕಾಗುವುದಿಲ್ಲ. ಕೇರಳದಲ್ಲಿ ಆಧಾರ, ಅಂದರೆ ಕ್ರಯಪತ್ರ, ಮಾಡಿಸುವಾಗ ಸ್ಟಾಂಪ್ ಡ್ಯೂಟಿ 8%, ರಿಜಿಸ್ಟ್ರೇಶನ್ ಫೀಸು 2%. 40 ಲಕ್ಷಕ್ಕೆ ಅದೇ 4 ಲಕ್ಷ ಆಯಿತು, ಇಷ್ಟು ಬೆಲೆಯ ಮನೆಗೆ ಆ ದುಡ್ಡನ್ನು ಬ್ಯಾಂಕು ಸಾಲದಲ್ಲಿ ಸೇರಿಸಿ ಕೊಡುವುದಿಲ್ಲ, ನಾವೇ ಕೈಯಿಂದ ಹಾಕಬೇಕು. ಹಾಗಾಗಿ ಬೇಕಾದದ್ದು 12 ಲಕ್ಷ. ಚಿಟ್ಟಿ ದುಡ್ಡು, ಎಫ್‌ಡಿ ಎಲ್ಲ ಸೇರಿಸಿದರೆ ನಮ್ಮಲ್ಲಿ ಇದ್ದದ್ದು ಹನ್ನೆರಡೂವರೆ. ಆಧಾರ ಮಲಯಾಳಂನಲ್ಲಿ, ವಕೀಲರ ಹತ್ತಿರ ಓದಿಸಲೇಬೇಕು, ಅದಕ್ಕೂ ಖರ್ಚಿದೆ. ಆಮೇಲೆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದೆ ಮಂಗಳೂರಿಗೆ ಓಡಬೇಕಾಗಿ ಬಂದರೆ?

ಕಂತಿನ ವಿಷಯ ಇನ್ನೊಂದು. ಎಂಟೂವರೆ ಪರ್ಸೆಂಟ್ ಬಡ್ಡಿಗೆ 20 ವರ್ಷ ಅಂದರೆ ತಿಂಗಳಿಗೆ ಸುಮಾರು 27,800 ರೂಪಾಯಿ. ಬಡ್ಡಿ ಅಲ್ಲಿಯೇ ನಿಲ್ಲುವುದಿಲ್ಲ, ಅಲ್ವಾ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೋ ದರ, ಅಂದರೆ ಅದು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, 4ರಿಂದ 6.5 ಪರ್ಸೆಂಟ್‌ಗೆ ಏರಿತ್ತು. ನಮ್ಮ ಸಾಲಕ್ಕೆ ಒಂದು ಪರ್ಸೆಂಟ್ ಏರಿದರೂ ಕಂತು 2,000 ರೂಪಾಯಿ ಜಾಸ್ತಿಯಾಗುತ್ತದೆ, ಇಲ್ಲವಾದರೆ ಸಾಲದ ವರ್ಷ ಉದ್ದವಾಗುತ್ತದೆ.

ಕಾಗದದ ಲೆಕ್ಕ ನಂಬದೆ ಒಂದು ಪರೀಕ್ಷೆ ಮಾಡಿದೆವು. ಈಗಿನ ಬಾಡಿಗೆ 9,000. ಕಂತಿಗೂ ಬಾಡಿಗೆಗೂ ಇರುವ ವ್ಯತ್ಯಾಸ, ಅಂದರೆ 18,800 ರೂಪಾಯಿ, ಪ್ರತಿ ತಿಂಗಳು ಐದನೇ ತಾರೀಕಿಗೆ ಬ್ಯಾಂಕಿನ ತಿಂಗಳ ಉಳಿತಾಯದ ಠೇವಣಿಗೆ, ಅಂದರೆ ಆರ್‌ಡಿಗೆ ಹೋಗುವ ಹಾಗೆ ಮಾಡಿ, ಸಾಲ ಆಗಲೇ ತೆಗೆದಿದ್ದೇವೆ ಅಂದುಕೊಂಡು ಬದುಕಿ ನೋಡಿದೆವು. ಮಾರ್ಚ್, ಏಪ್ರಿಲ್ ಹೇಗೋ ಹೋಯಿತು. ಮೇಯಲ್ಲಿ ಎರಡು ಮದುವೆ, ಸ್ವಲ್ಪ ಬಿಗಿಯಾಯಿತು. ಜೂನ್‌ನಲ್ಲಿ ಮಕ್ಕಳ ಫೀಸು, ಪುಸ್ತಕ, ಜೊತೆಗೆ ಅಪ್ಪನ ಕಣ್ಣಿನ ಆಪರೇಷನ್. ಆ ತಿಂಗಳು ಕಟ್ಟಲು ಆಗಲಿಲ್ಲ. ಆರ್‌ಡಿ ತಪ್ಪಿದರೆ ಸಣ್ಣ ದಂಡ ಅಷ್ಟೇ, ಮನೆಸಾಲದ ಕಂತು ಹಾಗಲ್ಲ.

ಮನೆಯವರಿಗೆ ಹೇಳಿದೆ, ಈಗ ಬೇಡ. ಅವರಿಗೂ ಹಾಗೇ ಅನಿಸಿತ್ತು. "ಬಾಡಿಗೆ ಕೊಟ್ಟು ಎಷ್ಟು ವರ್ಷ ಕಳೆಯುತ್ತೀರಿ?" ಎಂದು ಅತ್ತೆ ಕೇಳಿದರು. ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ಬಾಡಿಗೆ ಮನೆಯಲ್ಲಿ ಒಂದು ತಿಂಗಳು ಎಡವಿದರೆ ಎದ್ದು ನಿಲ್ಲಲು ನಮಗೆ ಜಾಗ ಇದೆ.

ಆ ಮನೆ ಆಗಸ್ಟ್‌ನಲ್ಲಿ ಬೇರೆಯವರಿಗೆ ಹೋಯಿತು. ಬೇಜಾರಾಯಿತು. ಆರ್‌ಡಿ ಮಾತ್ರ ನಿಲ್ಲಿಸಿಲ್ಲ. 12 ಲಕ್ಷ ಕೊಟ್ಟ ಮೇಲೂ ಆರು ತಿಂಗಳ ಕಂತು ಮತ್ತು ಮನೆಖರ್ಚು ಕೈಯಲ್ಲಿ ಉಳಿಯುವಷ್ಟಾದರೆ ಮತ್ತೆ ಹುಡುಕುತ್ತೇವೆ, ಅದೂ ಏಪ್ರಿಲ್‌ನಲ್ಲಿ, ಬಾವಿಯಲ್ಲಿ ನೀರು ಎಷ್ಟಿದೆ ಅಂತ ಆಗಲೇ ಗೊತ್ತಾಗುವುದು.